ಮುಟ್ಟು ನಿಲ್ಲುವ ಕಾಲ: ತಾಯಂದಿರ ಆರೈಕೆ

ಬಸವೇಶ್ವರನಗರದ ತಾಯಿಯೊಬ್ಬರು ಹೆಸರು ತಿಳಿಸದೆ ನಮಗೊಂದು ಪತ್ರ ಬರೆದಿದ್ದಾರೆ. ವಯಸ್ಸು 48. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ. ಅಡುಗೆಮನೆಯಲ್ಲಿ ನಿಂತಿರುವಾಗಲೇ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ. ರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗುತ್ತದೆ. ಮಕ್ಕಳ ಮೇಲೆ ವಿನಾಕಾರಣ ಸಿಟ್ಟು. ನೆರೆಯವರೊಬ್ಬರು ಶತಾವರಿ ಚೂರ್ಣ ಹೇಳಿದರೆ ಇನ್ನೊಬ್ಬರು ಗರ್ಭಕೋಶವನ್ನೇ ತೆಗೆಸಿಬಿಡಿ ಎಂದರಂತೆ. ಆದರೆ ಅವರ ಮೊದಲ ಪ್ರಶ್ನೆ, ಇದನ್ನು ಮನೆಯವರಿಗೆ ಹೇಗೆ ಹೇಳಲಿ ಎಂಬುದು.

ಮಠದಲ್ಲಿ ಓದಿ ಬೆಳೆದವರು ಇಂಥ ವಿಷಯ ಬರೆಯಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ರಜಸ್ಸೂತಕವನ್ನೂ ನಿರಾಕರಿಸಿದರು. ಮುಟ್ಟಾದ ದಿನವೂ ಇಷ್ಟಲಿಂಗಪೂಜೆಗೆ ಅಡ್ಡಿಯಿಲ್ಲವೆಂದ ಮೇಲೆ, ಮುಟ್ಟು ನಿಲ್ಲುವ ಮಾತನಾಡಲು ಸಂಕೋಚವೇಕೆ? ತಾಯಿ, ನಿಮ್ಮ ಯಜಮಾನರಿಗೂ ಬೆಳೆದ ಮಕ್ಕಳಿಗೂ ಈ ಪುಟವನ್ನೇ ಓದಲು ಕೊಡಿರಿ.

ಇದು ರೋಗವಲ್ಲ. ರಜಸ್ಸು ಹನ್ನೆರಡನೆಯ ವರ್ಷಕ್ಕೆ ತೊಡಗಿ ಐವತ್ತಕ್ಕೆ ಕ್ಷಯಿಸುತ್ತದೆಂದು ಸುಶ್ರುತಸಂಹಿತೆಯು ಸಹಜ ಸಂಗತಿಯಾಗಿಯೇ ಹೇಳುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಕುಗ್ಗಿದಾಗ, ದೇಹದ ಉಷ್ಣತೆಯನ್ನು ಕಾಯುವ ಮೆದುಳಿನ ಭಾಗವು ಅಲ್ಪ ವ್ಯತ್ಯಾಸಕ್ಕೂ ಗಾಬರಿಗೊಳ್ಳುತ್ತದೆ. ಬಿಸಿಯೂ ಬೆವರೂ ಅದರ ಫಲ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದು ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಪಶ್ಚಿಮದ ದೇಶಗಳಲ್ಲಿ ಸುಮಾರು 51ಕ್ಕೆ ಆಗುವುದು ನಮ್ಮ ದೇಶದಲ್ಲಿ 46-47ಕ್ಕೇ ಆಗುತ್ತದೆ. ವಿಜಯನಗರಕ್ಕೆ ಸಮೀಪದ ನಾಗರಬಾವಿಯಲ್ಲಿರುವ ಐಸೆಕ್ ಸಂಸ್ಥೆಯ ಸಂಶೋಧಕಿಯರು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ, ನಲವತ್ತಕ್ಕೆ ಮುನ್ನವೇ ಮುಟ್ಟು ನಿಂತ ಸ್ತ್ರೀಯರ ಕಡೆಗೆ 2005ರಲ್ಲಿಯೇ ನಾಡಿನ ಗಮನ ಸೆಳೆದಿದ್ದರು. ಅಂಥವರಲ್ಲಿ ಮೂಳೆ ಮತ್ತು ಹೃದಯಗಳ ರಕ್ಷಣೆ ಬೇಗನೆ ತಪ್ಪುವುದರಿಂದ ಅವರು ತಜ್ಞರನ್ನು ಕಾಣಲೇಬೇಕು.

ಇನ್ನು ಉಪಚಾರ. ಯೋಗದ ಬಗೆಗೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಳ್ಳೆಯ ಅಧ್ಯಯನವೊಂದಿದೆ. ಸ್ವಾಮಿ ವಿವೇಕಾನಂದ ಯೋಗ ಸಂಸ್ಥೆಯ ಡಾ. ನಾಗರತ್ನ, ಡಾ. ನಾಗೇಂದ್ರ ಮತ್ತು ಸಂಗಡಿಗರು 120 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೂರ್ಯನಮಸ್ಕಾರ, ಪ್ರಾಣಾಯಾಮ, ಧ್ಯಾನಗಳನ್ನೂ ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮವನ್ನೂ ಕಲಿಸಿದರು. ದಿನಕ್ಕೊಂದು ಗಂಟೆ, ವಾರಕ್ಕೆ ಐದು ದಿನ, ಎಂಟು ವಾರ. ಬಿಸಿಯೇರುವುದು, ರಾತ್ರಿ ಬೆವರು, ನಿದ್ರಾಭಂಗ ಇವು ಯೋಗದ ಗುಂಪಿನಲ್ಲಿ ಹೆಚ್ಚು ಇಳಿದವೆಂದು 2008ರಲ್ಲಿ ಪ್ರಕಟಿಸಿದರು. ಖರ್ಚಿಲ್ಲದ ಈ ಮದ್ದಿಗೆ ಬೇಕಾದುದು ಆ ಒಂದು ಗಂಟೆಯ ಬಿಡುವು. ಅದನ್ನು ಕೊಡಬೇಕಾದವರು ಮನೆಯವರು.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದ ಅಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಮಜ್ಜಿಗೆ, ಎಳ್ಳು, ಸೊಪ್ಪು, ಎಳೆಬಿಸಿಲಿನ ನಡಿಗೆ ಮೂಳೆಗೆ ಆಧಾರ. ಆದರೆ ಮೈಬಿಸಿ ಇವುಗಳಿಂದ ತಗ್ಗದು. ಸಂಜೆಯ ಕಾಫಿ, ಖಾರ ಬಿಟ್ಟರೆ ಕೆಲವರಿಗೆ ಹಗುರವಾಗುತ್ತದೆ. ಶತಾವರಿ, ಸೋಯಾ ಕೆಲವರಿಗೆ ಹಿತವೆನಿಸಬಹುದು, ಪುರಾವೆ ಮಾತ್ರ ಇನ್ನೂ ತೆಳುವು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ಸ್ತನದ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಚೀಟಿಯಿಲ್ಲದ ಡಬ್ಬಿಯ ಚೂರ್ಣವನ್ನಂತೂ ಯಾರೂ ಕೊಳ್ಳಬಾರದು.

ಇಷ್ಟಾದರೂ ನಿದ್ರೆಯಿಲ್ಲದೆ ಬಳಲುವವರಿಗೆ ಹಾರ್ಮೋನ್ ಚಿಕಿತ್ಸೆಯುಂಟು. ಅಮೆರಿಕದ ದೊಡ್ಡ ಅಧ್ಯಯನವೊಂದರ 2002ರ ವರದಿಯಿಂದ ಲೋಕವೆಲ್ಲ ಇದಕ್ಕೆ ಹೆದರಿತು. ಆ ಅಧ್ಯಯನದ ಸ್ತ್ರೀಯರ ಸರಾಸರಿ ವಯಸ್ಸು 63 ಎಂಬುದನ್ನು ಬಹಳ ಜನ ಗಮನಿಸಲಿಲ್ಲ. 60ರೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸಿದರೆ, ಬೇರೆ ತೊಡಕಿಲ್ಲದ ಬಹುಪಾಲು ಸ್ತ್ರೀಯರಿಗೆ ಅಪಾಯಕ್ಕಿಂತ ಪ್ರಯೋಜನವೇ ಅಧಿಕವೆಂಬುದು ಈಗಿನ ತಜ್ಞರ ಅಭಿಮತ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಸೇರಬೇಕು. ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು ಆಗಿದ್ದವರಿಗೆ ಇದು ಸಲ್ಲದು. ಅವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಗುಪ್ತಾಂಗ ಒಣಗಿ ಉರಿಯುವುದಕ್ಕೆ ಹಚ್ಚುವ ಮುಲಾಮು ಇದೆ. ನಾಚಿಕೆಯಿಂದ ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ.

ಗರ್ಭಕೋಶ ತೆಗೆಸುವ ಸಲಹೆಗೆ ನಮ್ಮ ಸ್ಪಷ್ಟ ವಿರೋಧವಿದೆ. ಮೈಬಿಸಿಗೆ ಗರ್ಭಕೋಶ ಕಾರಣವೇ ಅಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ, ಮೆಲ್ಲಗೆ ಬರಬೇಕಾದ ಬಾಧೆಗಳು ಒಮ್ಮೆಲೇ ಎರಗುತ್ತವೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಸ್ತ್ರೀಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಸಂಗತಿ ಹೊರಬಿದ್ದು ಸರಕಾರ ವಿಚಾರಣೆ ನಡೆಸಬೇಕಾಯಿತು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಗೆಡ್ಡೆ, ಕ್ಯಾನ್ಸರ್, ನಿಲ್ಲದ ರಕ್ತಸ್ರಾವಗಳಿಗೆ ಅದು ಬೇಕಾದೀತು. ಆಗಲೂ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಒಂದು ಲಕ್ಷಣವನ್ನು ಮಾತ್ರ ಯಾರೂ ಸಹಿಸಿಕೊಂಡು ಕೂರಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಬೇಕು. ಗರ್ಭಕೋಶದ ಕ್ಯಾನ್ಸರ್ ಹಲವು ವೇಳೆ ಹೀಗೆಯೇ ಸುಳಿವು ಕೊಡುತ್ತದೆ. ಇ.ಎಸ್.ಐ. ಕಾರ್ಡು ಇರುವ ಮನೆಯವರಿಗೆ ರಾಜಾಜಿನಗರದ ಆಸ್ಪತ್ರೆಯಿದೆ. ಉಳಿದವರಿಗೆ ಸರಕಾರದ ವಾಣಿವಿಲಾಸ ಆಸ್ಪತ್ರೆಯಿದೆ. ಹೋಗುವಾಗ ಮುಟ್ಟಿನ ದಿನಾಂಕಗಳನ್ನೂ, ಸೇವಿಸುತ್ತಿರುವ ಮಾತ್ರೆ ಚೂರ್ಣಗಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿರಿ. ಮೂಳೆ ಸವೆತದ ಬಗೆಗೆ ಕೆಂಗೇರಿಯಿಂದ ಬಂದಿರುವ ಪ್ರಶ್ನೆಗಳನ್ನು ಮುಂದಿನ ಸಂಚಿಕೆಯಲ್ಲಿ ಕೈಗೆತ್ತಿಕೊಳ್ಳುತ್ತೇವೆ.