ಪ್ರವಾಸದ ಪುಟ: ಮಂಗೋಲಿಯಾಕ್ಕೆ ಹೊರಡುವ ಮುನ್ನ

ಸಂಘದ ದೀಪಾವಳಿ ಕೂಟದಲ್ಲಿ ನಮ್ಮ ಮಂಗೋಲಿಯಾ ಪ್ರವಾಸದ ಚಿತ್ರಗಳನ್ನು ತೋರಿಸಿದಂದಿನಿಂದ ಈ ಪುಟದ ಲೇಖಕನಿಗೆ ಬಂದಿರುವ ಪತ್ರಗಳು ಹದಿನಾಲ್ಕು. ಅವುಗಳಲ್ಲಿ ಒಂಬತ್ತು ಪತ್ರಗಳು ಕೇಳಿರುವುದು ಒಂದೇ ಪ್ರಶ್ನೆ: "ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ?" ಉಳಿದ ಐದರಲ್ಲಿರುವುದು ಸೋದರಿಯರ ಪ್ರಶ್ನೆ: "ಊಟಕ್ಕೇನು ಮಾಡಿದಿರಿ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬರೆಯಲು ನನ್ನ ಮೇಜಿನ ಮೇಲಿನ ಫೈಲುಗಳು ಬಿಡವು. ಆದುದರಿಂದ ಎಲ್ಲರಿಗೂ ಸೇರಿ ಇದೇ ಉತ್ತರ.

ಮೊದಲು ದೇಶದ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಂಗೋಲಿಯಾದ ವಿಸ್ತಾರ ಸುಮಾರು 15.6 ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕದಂಥ ಎಂಟು ರಾಜ್ಯಗಳನ್ನು ಅದರಲ್ಲಿ ಹಾಸಬಹುದು. ಜನಸಂಖ್ಯೆಯೋ, ಸುಮಾರು 35 ಲಕ್ಷ. ದೆಹಲಿಯ ವಾಯವ್ಯ ಜಿಲ್ಲೆಯೊಂದರಲ್ಲೇ 2011ರ ಗಣತಿಯಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದರು! ಆ 35 ಲಕ್ಷದಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ರಾಜಧಾನಿ ಉಲಾನ್‌ಬಾತರಿನಲ್ಲೇ ಇದ್ದಾರೆ. ಉಳಿದದ್ದೆಲ್ಲ ಹುಲ್ಲು, ಆಕಾಶ, ಕುರಿ, ಕುದುರೆ. ಪ್ರವಾಸಿಗೆ ಉಪಯೋಗವಾಗುವ ರೈಲು ಮುಖ್ಯವಾಗಿ ಒಂದೇ. ಅದು ಉತ್ತರದ ರಷ್ಯಾ ಗಡಿಯಿಂದ ರಾಜಧಾನಿಯ ಮೂಲಕ ದಕ್ಷಿಣದ ಚೀನಾ ಗಡಿಗೆ ಸುಮಾರು 1,100 ಕಿಲೋಮೀಟರು ಹೋಗುತ್ತದೆ. ಮಂಗೋಲಿಯಾದ ಹಳಿಯ ಅಗಲ 1,520 ಮಿಲಿಮೀಟರು, ಚೀನಾದ್ದು 1,435; ಆದ್ದರಿಂದ ಗಡಿಯಲ್ಲಿ ಡಬ್ಬಿಗಳನ್ನು ಪ್ರಯಾಣಿಕರ ಸಮೇತ ಮೇಲಕ್ಕೆತ್ತಿ ಕೆಳಗಿನ ಗಾಲಿಗಳನ್ನು ಬದಲಿಸುತ್ತಾರೆ. ನೋಡಲು ಅದೊಂದು ಮೋಜು. ಆದರೆ ನಾವು ನೋಡಬೇಕೆನ್ನುವ ಸ್ಥಳಗಳು ಬಹುಪಾಲು ಈ ಹಳಿಯ ಬದಿಗಿಲ್ಲ.

ನಾವು ಹೊರಟವರು ನಾಲ್ವರು: ನಾನು, ನನ್ನಾಕೆ, ಆಕೆಯ ತಮ್ಮ, ಮತ್ತು ಮಾವನವರು. ಮಾವನವರು ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದವರು. ವಯಸ್ಸು ಎಪ್ಪತ್ತೊಂದು. ಅದಕ್ಕೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಮಂಗೋಲರು ವಾರಗಳಿಗೆ ಆದಿಯಾ, ಸುಮಿಯಾ, ಅಂಗಾರಗ್, ಬುದ್, ಬರ್ಹಸ್ಬದಿ ಎಂದೂ ಹೆಸರಿಟ್ಟಿದ್ದರೆಂದು ಎಲ್ಲಿಯೋ ಓದಿದ ದಿನದಿಂದ ಅವರಿಗೆ ಆ ದೇಶದ ಹುಚ್ಚು. ಭಾವಮೈದುನನಿಗೆ ಬೇಕಾದದ್ದು ದಕ್ಷಿಣದ ಗೋಬಿ ಮರುಭೂಮಿ ಮತ್ತು ಪಶ್ಚಿಮದ ಕೊನೆಯಲ್ಲಿರುವ ಹದ್ದು ಸಾಕುವ ಕಜಕರು. ನನ್ನಾಕೆಗೆ ಬೇಕಾದದ್ದು ಅಪ್ಪ ಸುರಕ್ಷಿತವಾಗಿ ಮನೆಗೆ ಬರುವುದು, ಸಾಧ್ಯವಾದರೆ ಹೊರಡದಿರುವುದು. ಇದ್ದದ್ದು ಹತ್ತು ದಿನ.

ಗುಮಾಸ್ತನಿಗೆ ಇಂಥ ಕಡೆ ಒಂದೇ ಆಯುಧ: ಕಾಗದದ ಮೇಲೆ ಮನೆ ಎಳೆದು ಅಂಕಿ ತುಂಬುವುದು. ಉಲಾನ್‌ಬಾತರಿನಿಂದ ಗೋಬಿಯ ಬಾಗಿಲಾದ ದಲನ್‌ಜದ್ಗದ್ ಊರಿಗೆ ಸುಮಾರು 550 ಕಿಲೋಮೀಟರು. ಅಲ್ಲಿಂದ ದೊಡ್ಡ ಮರಳುದಿಣ್ಣೆಗಳಿಗೆ ಕಚ್ಚಾದಾರಿಯಲ್ಲಿ ಮತ್ತೊಂದು ದಿನ. ಹದ್ದಿನವರ ಬಯನ್-ಉಲ್ಗೀ ಪ್ರಾಂತಕ್ಕೆ ರಸ್ತೆಯಲ್ಲಿ 1,600 ಕಿಲೋಮೀಟರಿಗೂ ಹೆಚ್ಚು. ಹದ್ದಿನ ಹಬ್ಬವಂತೂ ಅಕ್ಟೋಬರಿನಲ್ಲಿ, ನಾವು ಹೊರಟದ್ದು 2024ರ ಜುಲೈಯಲ್ಲಿ. ಮಾವನವರಿಗೆ ಬೇಕಾದ ಹಳೆಯ ರಾಜಧಾನಿ ಖಾರ್ಖೋರಿನ್ ಪಶ್ಚಿಮಕ್ಕೆ ಸುಮಾರು 360 ಕಿಲೋಮೀಟರು, ಡಾಂಬರು ರಸ್ತೆ. ಟಾರು ಬಿಟ್ಟು ಹುಲ್ಲಿನ ಮೇಲೆ ಇಳಿದರೆ ತಾಸಿಗೆ 30-40 ಕಿಲೋಮೀಟರು ಹೋದರೆ ಪುಣ್ಯ. ಮಳೆ ಬಂದು ಹೊಳೆ ಏರಿದರೆ ಅದೂ ಇಲ್ಲ. ನಕ್ಷೆಯಲ್ಲಿ ಗೇಣುದ್ದ ಕಾಣುವ ದಾರಿ ಬೆನ್ನುಮೂಳೆಗೆ ಎರಡು ದಿನವಾಗುತ್ತದೆ.

ಆ ಕಾಗದದ ಕೆಳಗೆ ಆಫೀಸಿನ ರೀತಿಯಲ್ಲೇ ನನ್ನ ಟಿಪ್ಪಣಿ ಬರೆದೆ: ರಾತ್ರಿ ತಂಗುವ ಜಾಗ ಯಾವುದೇ ಇರಲಿ, ಆಸ್ಪತ್ರೆಯಿರುವ ಜಿಲ್ಲಾ ಕೇಂದ್ರಕ್ಕೆ ಟಾರು ರಸ್ತೆಯಲ್ಲಿ ಎರಡು ಮೂರು ತಾಸಿಗಿಂತ ದೂರ ಇರಕೂಡದು. ಈ ಒಂದು ನಿಯಮ ಹಾಕಿಕೊಂಡ ಮೇಲೆ ಮಿಕ್ಕದ್ದೆಲ್ಲ ತಾನಾಗಿಯೇ ತೀರ್ಮಾನವಾಯಿತು. ಗೋಬಿ ಹೋಯಿತು, ಹದ್ದು ಹಾರಿತು. ಒಂದೇ ದಿಕ್ಕು, ಪಶ್ಚಿಮ. ಡಾಕ್ಟರರೂ ಒಪ್ಪಿದರು, ಉಲಾನ್‌ಬಾತರಿನ ಎತ್ತರ 1,350 ಮೀಟರು, ಖಾರ್ಖೋರಿನ್ ಅದಕ್ಕಿಂತ ತುಸು ಮೇಲೆ. ಲಡಾಖಿನಂತೆ ಉಸಿರು ಕಟ್ಟುವ ಎತ್ತರವಲ್ಲ. ಮಾವನವರು ನಕ್ಕು, "ಅಳಿಯಂದ್ರ, ನೀವು ದಾರಿ ಲೆಕ್ಕಾ ಹಾಕ್ರಿ, ಎದಿ ಲೆಕ್ಕಾ ನನಗ ಬಿಡ್ರಿ" ಎಂದರು. ಮಗಳು ನಗಲಿಲ್ಲ. ಭಾವಮೈದುನ ಎರಡು ದಿನ ಮಾತು ಬಿಟ್ಟ. ಖಾರ್ಖೋರಿನ್ ದಾರಿಯಲ್ಲೇ, ರಾಜಧಾನಿಯಿಂದ ಸುಮಾರು 280 ಕಿಲೋಮೀಟರಿನಲ್ಲಿ, ಎಲ್ಸೆನ್ ತಸರ್ಖೈ ಎಂಬ ಮರಳಿನ ಪಟ್ಟಿ ಇದೆ, ಅಲ್ಲಿ ಎರಡು ಡುಬ್ಬದ ಒಂಟೆಯೂ ಉಂಟು ಎಂದು ತೋರಿಸಿದ ಮೇಲೆ ಸಮಾಧಾನಗೊಂಡ.

ಆದುದರಿಂದ ಒಂಬತ್ತು ಪತ್ರಗಳಿಗೆ ನನ್ನ ಉತ್ತರ: ಹಿರಿಯರನ್ನು ಕರೆದುಕೊಂಡು ಹೋಗಬಹುದು, ದೇಶವನ್ನೆಲ್ಲ ನೋಡಿಬಿಡುವ ಆಸೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದಾದರೆ. ವಿಮೆ ಮಾಡಿಸುವಾಗ ರೋಗಿಯನ್ನು ದೂರದಿಂದ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಹಳೆಯ ಕಾಯಿಲೆಯನ್ನು ಮುಚ್ಚಿಡಬೇಡಿ. ಇನ್ನೊಂದು ಸಣ್ಣ ಮಾತು, ಯಾರೂ ಹೇಳುವುದಿಲ್ಲ. ಬಯಲಿನ ಬಿಡಾರಗಳಲ್ಲಿ ಪಾಯಖಾನೆ ಹೊರಗೆ, ನೂರು ಹೆಜ್ಜೆ ದೂರದಲ್ಲಿರುತ್ತದೆ. ಜುಲೈಯಲ್ಲಿಯೂ ರಾತ್ರಿ ನಡುಗಿಸುವ ಚಳಿ. ಹಿರಿಯರಿಗೆ ಟಾರ್ಚು, ಕಿವಿ ಮುಚ್ಚುವ ಟೋಪಿ, ಜೊತೆಗೆ ಎದ್ದು ಹೋಗುವ ಒಬ್ಬರು, ಇವು ಮೂರೂ ಬೇಕು.

ವಾಹನದ ವಿಷಯ. ಬಸ್ಸುಗಳಿವೆ, ರಾಜಧಾನಿಯಿಂದ ಜಿಲ್ಲಾ ಕೇಂದ್ರಗಳಿಗೆ, ಖಾರ್ಖೋರಿನ್ನಿಗೂ ಹೋಗುತ್ತವೆ. ಆದರೆ ಬಸ್ಸು ಊರಿನಲ್ಲಿ ಇಳಿಸುತ್ತದೆ, ನೋಡುವ ಸ್ಥಳ ಊರಿನಿಂದ ಹತ್ತಾರು ಮೈಲಿ ಆಚೆ ಇರುತ್ತದೆ. ಕುಟುಂಬಸ್ಥರು ಚಾಲಕನ ಸಮೇತ ಬಾಡಿಗೆಗೆ ಗಾಡಿ ಹಿಡಿಯುವುದೇ ಲೇಸು. ಅಲ್ಲಿ 'ಪುರ್ಗೋನ್' ಎಂದು ಕರೆಯುವ ರಷ್ಯಾದ ವ್ಯಾನು ಪ್ರಸಿದ್ಧ. ಬ್ರೆಡ್ಡಿನ ತುಂಡಿನ ಆಕಾರ, ಕೆಸರಿಗೂ ಹೊಳೆಗೂ ಅಂಜದು, ಕೆಟ್ಟರೆ ಚಾಲಕನೇ ಹುಲ್ಲಿನ ಮೇಲೆ ಬಿಚ್ಚಿ ಜೋಡಿಸುತ್ತಾನೆ. ಆದರೆ ಅದರಲ್ಲಿ ಕುಳಿತವರ ಎಲುಬುಗಳೂ ಬಿಚ್ಚಿಕೊಳ್ಳುತ್ತವೆಯೆಂಬುದು ನನ್ನ ಅಭಿಪ್ರಾಯ. ಟಾರು ರಸ್ತೆಗೆ ಜಪಾನಿನ ಹಳೆಯ ವ್ಯಾನೇ ಸಾಕು. ಬಲಗಡೆ ಓಡಿಸುವ ದೇಶದಲ್ಲಿ ಬಲಗಡೆಯೇ ಸ್ಟಿಯರಿಂಗ್ ಇರುವ ಜಪಾನಿ ಗಾಡಿಗಳು ತುಂಬಿವೆ. ಮೊದಲ ದಿನ ಎದುರಿನ ಲಾರಿಯನ್ನು ಹಿಂದಿಕ್ಕುವಾಗ ಕಣ್ಣು ಮುಚ್ಚಿಕೊಳ್ಳಿ, ಎರಡನೆಯ ದಿನ ರೂಢಿಯಾಗುತ್ತದೆ. ಬಾಡಿಗೆ ದಿನದ ಲೆಕ್ಕವೋ, ಪೆಟ್ರೋಲು ಅದರಲ್ಲಿ ಸೇರಿದೆಯೋ, ಚಾಲಕನ ಊಟ ವಸತಿ ಯಾರದು, ಎರಡು ಹೆಚ್ಚುವರಿ ಟೈರು ಇದೆಯೇ, ಇಷ್ಟನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಭಾಷೆ ತಿಳಿದ ಮಾರ್ಗದರ್ಶಿಯ ಖರ್ಚನ್ನು ಉಳಿಸಬೇಡಿ. ಊರು ದಾಟಿದರೆ ಇಂಗ್ಲಿಷೂ ಇಲ್ಲ, ಅನೇಕ ಕಡೆ ಫೋನೂ ಇಲ್ಲ.

ಇನ್ನು ಊಟ. ಮಂಗೋಲರ ಅಡಿಗೆಯಲ್ಲಿ ಮಾಂಸವೇ ಮುಖ್ಯ. ಮಣ್ಣು ಅಗೆದು ಬೆಳೆಯಲು ಅಲ್ಲಿನ ಚಳಿಗಾಲ ಹೆಚ್ಚು ಎಡೆ ಕೊಡುವುದಿಲ್ಲ. ಆಲೂಗಡ್ಡೆ, ಗಜ್ಜರಿ, ಕೋಸು ಸಿಗುತ್ತವೆ. ನಾವು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡಿದ್ದೆವು. ಅಕ್ಕಿಯನ್ನು ಅಲ್ಲೇ ಕೊಂಡು, ಬಿಡಾರದ ಅಡಿಗೆಯವಳಿಗೆ ಹೇಳಿ ಬೇಯಿಸಿಕೊಂಡೆವು. ಸೋದರಿಯರಿಗೆ ಒಂದು ಶುಭವಾರ್ತೆ: ಅಲ್ಲಿ 'ತರಗ್' ಎಂದು ಕರೆಯುವ ಮೊಸರು ನಮ್ಮ ಮೊಸರೇ, ಗಟ್ಟಿ, ಕೆನೆಗಟ್ಟಿದ್ದು. ಮಾವನವರು ಒಂಬತ್ತು ದಿನ ಮೊಸರನ್ನ ಉಂಡರು. ಚಹಾ ಮಾತ್ರ ಹಾಲು ಹಾಕಿದ ಉಪ್ಪಿನ ಚಹಾ. ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿದರೆ ರುಚಿಯಾಗಿಯೇ ಇರುತ್ತದೆ.

ಅಲ್ಲಿನ ಕಂಬಳಿಮನೆಗೆ 'ಗೇರ್' ಎನ್ನುತ್ತಾರೆ. (ಮಂಗಳೂರಿನ ಕಡೆಯವರು ಗೋಡಂಬಿ ನೆನೆದುಕೊಳ್ಳಬೇಕಾಗಿಲ್ಲ.) ಗುಂಡಗಿನ ಮನೆ, ಬಾಗಿಲು ದಕ್ಷಿಣಕ್ಕೆ. ಹತ್ತಿರ ಹೋಗುವಾಗ ನಾಯಿ ಹಿಡಿಯಿರಿ ಎಂದು ಕೂಗಿ ಹೇಳುವುದೇ ಅಲ್ಲಿನ ಕರೆಗಂಟೆ. ಹೊಸ್ತಿಲನ್ನು ತುಳಿಯಬಾರದು, ನಮ್ಮ ಅಜ್ಜಿಯರ ಕೈಯಲ್ಲಿ ಬೈಸಿಕೊಂಡು ಬೆಳೆದವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಒಳಗೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯಬೇಕು; ನಡುವಿನ ಎರಡು ಕಂಬಗಳ ಮಧ್ಯೆ ಹಾಯಬಾರದು; ಕೊಟ್ಟದ್ದನ್ನು ಬಲಗೈಯಲ್ಲಿ, ಎಡಗೈ ಆಸರೆ ಕೊಟ್ಟು ತೆಗೆದುಕೊಳ್ಳಬೇಕು. ಹುದುಗಿಸಿದ ಕುದುರೆಹಾಲು 'ಐರಗ್' ಬಂದೇ ಬರುತ್ತದೆ. ಅದರಲ್ಲಿ ಸ್ವಲ್ಪ ಮದ್ಯಾಂಶ ಉಂಟು. ಒಲ್ಲದವರು ಬಟ್ಟಲನ್ನು ಬೇಡವೆಂದು ತಳ್ಳದೆ, ತೆಗೆದುಕೊಂಡು ತುಟಿಗೆ ಮುಟ್ಟಿಸಿ ಗೌರವದಿಂದ ಹಿಂದಿರುಗಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು. ಖಾರ್ಖೋರಿನ್ ಹತ್ತಿರ ನಮ್ಮ ಚಾಲಕನ ಪರಿಚಯದ ದನಗಾಹಿಯೊಬ್ಬನ ಗೇರಿಗೆ ಹೋಗಿದ್ದೆವು. ಅದರ ಹಿಂದಿನ ಚಳಿಗಾಲದಲ್ಲಿ, ಎಂದರೆ 2023-24ರಲ್ಲಿ, ಅಲ್ಲಿ 'ಜುದ್' ಬಂದಿತ್ತು. ಹಿಮ ಬಿದ್ದು ಗಟ್ಟಿಯಾಗಿ ಹುಲ್ಲು ಸಿಗದೆ ಜಾನುವಾರು ನಿಂತಲ್ಲೇ ಸಾಯುವ ಅನಾಹುತಕ್ಕೆ ಆ ಹೆಸರು. ಆ ಒಂದು ಚಳಿಗಾಲದಲ್ಲಿ ದೇಶದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಈತನದು ಮುನ್ನೂರರಲ್ಲಿ ಉಳಿದದ್ದು ನೂರಿಪ್ಪತ್ತು. ಅದನ್ನು ಆತ ನಾವು ಕೇಳಿದ ಮೇಲೆ ಹೇಳಿದ, ಬೇರೆ ಯಾರದೋ ಮನೆಯ ಸುದ್ದಿಯಂತೆ. ಆತನ ಹೆಂಡತಿ ಆ ಹೊತ್ತಿಗೆ ನಮ್ಮ ಮುಂದೆ ಕೆನೆ, ಒಣಗಿಸಿದ ಮೊಸರಿನ ಗಟ್ಟಿ, ಚಹಾ ಎಲ್ಲ ತಂದಿಟ್ಟಾಗಿತ್ತು. ಮಾವನವರು ಪಥ್ಯವನ್ನು ಮರೆತು ಕೆನೆ ತಿಂದರು. ಮಗಳು ನೋಡಿದಳು, ಏನೂ ಅನ್ನಲಿಲ್ಲ. ಎದ್ದು ಹೊರಡುವಾಗ ನಾನು ಹಣದ ಚೀಲಕ್ಕೆ ಕೈ ಹಾಕಿದುದನ್ನು ಮಾರ್ಗದರ್ಶಿ ಕಣ್ಣಿನಲ್ಲೇ ತಡೆದಳು. ರಾತ್ರಿ ತಂಗಿದರೆ ಬಾಡಿಗೆ ಕೊಡುವುದು ಬೇರೆ. ಚಹಾಕ್ಕೆ ಕರೆದವರಿಗೆ ಅಕ್ಕಿ, ಸಕ್ಕರೆ, ಚಹಾಪುಡಿ, ಮಕ್ಕಳಿಗೆ ನೋಟ್‌ಬುಕ್ಕು ಇಂಥವನ್ನು ಕೊಡುವುದು ರೂಢಿಯಂತೆ. ಗಾಡಿಯಲ್ಲಿದ್ದ ಅಕ್ಕಿಯ ಚೀಲವನ್ನೇ ಕೊಟ್ಟುಬಂದೆವು. ಹೊರಡುವವರು ಇವನ್ನು ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ.

ಖಾರ್ಖೋರಿನ್ ಹದಿಮೂರನೆಯ ಶತಮಾನದಲ್ಲಿ ಮಂಗೋಲ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಆ ನಗರದಲ್ಲಿ ಈಗ ನೆಲದ ಮೇಲೆ ಉಳಿದಿರುವುದು ಕಲ್ಲಿನ ಆಮೆಯಂಥ ಕೆಲವು ಗುರುತುಗಳು ಮಾತ್ರ. 2011ರಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ, ಅನಂತರ ಬಯಲಿಗೆ ಹೋದರೆ ಬರಿಯ ಹುಲ್ಲೂ ಅರ್ಥವಾಗುತ್ತದೆ. ಪಕ್ಕದಲ್ಲೇ ಎರ್ಡೆನ್ ಜೂ ವಿಹಾರ. 1586ರಲ್ಲಿ ಸ್ಥಾಪನೆಯಾದದ್ದು, ಚೌಕದ ಪ್ರಾಕಾರದ ಮೇಲೆ ಬಿಳಿಯ ಸ್ತೂಪಗಳ ಸಾಲು, ಒಟ್ಟು 108 ಎಂದು ಲೆಕ್ಕ. 1930ರ ದಶಕದ ಕೊನೆಯಲ್ಲಿ ಅಂದಿನ ಸರ್ಕಾರ ವಿಹಾರಗಳನ್ನು ನೂರಾರು ಸಂಖ್ಯೆಯಲ್ಲಿ ಕೆಡವಿ, ಸಾವಿರಾರು ಲಾಮಾಗಳನ್ನು ಕೊಂದಾಗ ಇಲ್ಲಿಯೂ ಕೆಲವೇ ಗುಡಿಗಳು ಉಳಿದವು. 1990ರ ಬಳಿಕ ಮತ್ತೆ ಪೂಜೆ ನಡೆಯುತ್ತಿದೆ. 'ಎರ್ಡೆನ್' ಎಂದರೆ ರತ್ನ, ಆ ಶಬ್ದದ ಮೂಲವೂ ನಮ್ಮ 'ರತ್ನ'ವೇ ಎನ್ನುತ್ತಾರೆ. ಧ್ವಜದ ಮೇಲಿರುವ 'ಸೊಯೊಂಬೊ' ಚಿಹ್ನೆಯ ಹೆಸರು 'ಸ್ವಯಂಭೂ'. ಬಿಸಿನೀರಿನ ಬುಗ್ಗೆಗೆ ಹೇಳುವ 'ಅರ್ಶಾನ್' 'ರಸಾಯನ'. ಮಾವನವರು ಒಂದೊಂದನ್ನೂ ಡೈರಿಯಲ್ಲಿ ಬರೆದುಕೊಂಡರು.

ಅಲ್ಲಿ ನಮ್ಮ ಕನ್ನಡ ಮಾತು ಕಿವಿಗೆ ಬಿದ್ದ ಒಬ್ಬ ತರುಣ ಲಾಮಾ ತಿರುಗಿ ನಿಂತು, "ಎಲ್ಲಿಂದ ಬಂದ್ರಿ?" ಎಂದ! ಆತ ಓದಿದ್ದು ನಮ್ಮ ಮುಂಡಗೋಡದ ಗೋಮಾಂಗ್ ವಿಹಾರದಲ್ಲಿ, ಎಂಟು ವರ್ಷ. ಮಂಗೋಲಿಯಾದ ಲಾಮಾಗಳು ಅಲ್ಲಿಗೆ ಓದಲು ಬರುವುದು ನಡೆದೇ ಇದೆ. ಕನ್ನಡ ಆತನಿಗೆ ಹತ್ತಿಪ್ಪತ್ತು ಮಾತಷ್ಟೇ ಉಳಿದಿತ್ತು. ಅದರಲ್ಲಿ 'ಮಿರ್ಚಿ ಭಜಿ' ಒಂದು. ಧಾರವಾಡದ ಮೇಷ್ಟರೂ ಮುಂಡಗೋಡದ ಲಾಮಾನೂ ಸ್ತೂಪಗಳ ಸಾಲಿನ ನೆರಳಿನಲ್ಲಿ ಕುಳಿತು, ಅರ್ಧ ಕನ್ನಡ ಅರ್ಧ ಸಂಸ್ಕೃತದಲ್ಲಿ ಒಂದು ತಾಸು ಮಾತನಾಡಿದರು. ಭಾವಮೈದುನ ಆ ಹೊತ್ತಿಗೆ ಗೋಬಿಯನ್ನು ಮರೆತಿದ್ದ.

ಹಳೆಯ ಸಂಬಂಧದ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. 1955ರ ಡಿಸೆಂಬರಿನಲ್ಲಿ ಭಾರತವೂ ಮಂಗೋಲಿಯಾವೂ ರಾಜತಾಂತ್ರಿಕ ಸಂಬಂಧ ಬೆಳೆಸಿದವು. 1957ರಲ್ಲಿ ಉಪರಾಷ್ಟ್ರಪತಿ ರಾಧಾಕೃಷ್ಣನ್ ಅಲ್ಲಿಗೆ ಹೋಗಿದ್ದರು. ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು ಎಂದು ಮೈಸೂರಿನವರು ಹೆಮ್ಮೆಪಡಲಿ. 1990ರಿಂದ ಹತ್ತು ವರ್ಷ ಅಲ್ಲಿ ನಮ್ಮ ರಾಯಭಾರಿಯಾಗಿದ್ದವರು ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ. ಅವರು ಕಟ್ಟಿಸಿದ ವಿಹಾರ ಉಲಾನ್‌ಬಾತರಿನಲ್ಲಿದೆ. ರಾಜಧಾನಿಯಲ್ಲಿ ಅದನ್ನೂ, ಗಂದನ್ ವಿಹಾರದಲ್ಲಿ 26 ಮೀಟರಿಗೂ ಎತ್ತರದ ಅವಲೋಕಿತೇಶ್ವರನನ್ನೂ ನೋಡಲು ಒಂದು ಪೂರ್ತಿ ದಿನ ಇಟ್ಟುಕೊಳ್ಳಿ.

ಜುಲೈ 11ರಿಂದ ನಾದಮ್ ಹಬ್ಬ: ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ಕುಸ್ತಿಯಲ್ಲಿ ತೂಕದ ವಿಂಗಡಣೆಯೇ ಇಲ್ಲ. ಮೊಳಕಾಲೋ ಮೊಳಕೈಯೋ ನೆಲಕ್ಕೆ ತಾಗಿದವನು ಸೋತ. ರಾಜಧಾನಿಯ ಕ್ರೀಡಾಂಗಣದಲ್ಲಿ ಜನಜಂಗುಳಿ, ಟಿಕೇಟಿನ ಪರದಾಟ. ಅದಕ್ಕಿಂತ ದಾರಿಯಲ್ಲಿ ಸಿಗುವ ಸಣ್ಣ ಊರಿನ ನಾದಮ್ ನನಗೆ ಮೇಲೆಂದು ತೋರಿತು. ಜಟ್ಟಿಗಳ ಮೈಮೇಲಿನ ಧೂಳು ನಮ್ಮ ಮೇಲೂ ಬೀಳುವಷ್ಟು ಹತ್ತಿರ ನಿಂತಿದ್ದೆವು. ಆದರೆ ಹತ್ತಾರು ಕಿಲೋಮೀಟರು ಕುದುರೆ ಓಡಿಸುವವರು ಮಕ್ಕಳು. ಅವರ ಧೈರ್ಯಕ್ಕೆ ಚಪ್ಪಾಳೆ ತಟ್ಟಿದರೂ ನನ್ನಾಕೆ ಆ ಓಟವನ್ನು ಪೂರ್ತಿ ನೋಡಲಿಲ್ಲ. ನಾನೂ ಆಕೆಯ ಪಕ್ಷ.

ಕಡೆಗೆ ಕಾಗದಪತ್ರ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ದೆಹಲಿಯಲ್ಲಿರುವ ಮಂಗೋಲಿಯಾ ರಾಯಭಾರ ಕಚೇರಿಯಲ್ಲಿಯೇ ಕೇಳಿಕೊಳ್ಳಿ, ಅವರಿವರ ಮಾತು ಬೇಡ. ಸಾಮಾನ್ಯವಾಗಿ ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಬೇಕಾಗುತ್ತದೆ. ಆ ನಿಲ್ದಾಣದ ದೇಶಕ್ಕೂ ವೀಸಾ ಬೇಕೇ ಎಂಬುದನ್ನು ನೋಡಿ. 2021ರಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು 50 ಕಿಲೋಮೀಟರು ದೂರ, ಗಾಡಿಯನ್ನು ಮೊದಲೇ ಗೊತ್ತುಮಾಡಿ. ನನ್ನಂತೆ ಸರ್ಕಾರಿ ನೌಕರಿಯಲ್ಲಿರುವವರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪಡೆಯಬೇಕು. ಜುಲೈಗೆ ಹೊರಡುವುದಾದರೆ ಅರ್ಜಿ ಫೆಬ್ರವರಿಯಲ್ಲೇ ಮೇಲಧಿಕಾರಿಗಳ ಮೇಜು ಸೇರಲಿ. ನಾದಮ್ ಸಮಯದ ಕೋಣೆಗಳೂ ಆ ಹೊತ್ತಿಗೇ ತುಂಬತೊಡಗುತ್ತವೆ. ನಾವು ಹೋದ ದಾರಿಯ ದಿನವಹಿ ಪಟ್ಟಿ ಬೇಕಾದವರು ಸಂಘದ ಕಚೇರಿಯಲ್ಲಿ ಭಾನುವಾರ ಬೆಳಿಗ್ಗೆ ಕೇಳಿದರೆ ಪ್ರತಿ ಕೊಡುತ್ತಾರೆ.