ಮಚ್ಚಿಗೆ ಬಗ್ಗದ ಅಚ್ಚು

ಕನ್ನಡದ ಹುಡುಗರೇ, ನಿಮ್ಮ ಕರಪತ್ರ, ಭಿತ್ತಿಪತ್ರಗಳನ್ನು ಅಚ್ಚು ಹಾಕಿಕೊಡುವವನು ನಾನು. ನವೆಂಬರ್ ಬಂತೆಂದರೆ ನನ್ನ ಪ್ರೆಸ್ಸಿನಲ್ಲಿ ಹಳದಿ, ಕೆಂಪು ಇಂಕಿನ ಡಬ್ಬಿಗಳು ಸಾಲುವುದಿಲ್ಲ. ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎನ್ನುವ ಸಾಲು ನನ್ನ ಮೆಷಿನ್ನಿನಿಂದ ಎಷ್ಟು ಸಾವಿರ ಸಲ ಇಳಿದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರಾಣ ಹಾಗಿರಲಿ, ಒಂದು ಪುಸ್ತಕ ಓದ್ರಪ್ಪ ಎಂದರೆ ಮುಖ ಆ ಕಡೆ ತಿರುಗಿಸುತ್ತೀರಿ. ಹಾಗಾಗಿ ಈ ಸಲ ತಾಯ್ನುಡಿಗಾಗಿ ನಿಜವಾಗಿಯೂ ಮೈಮೇಲೆ ಏಟು ತಿಂದವರ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೇನೆ. ಅವರು ಕನ್ನಡದವರಲ್ಲ, ಆಫ್ರಿಕಾದ ಕಪ್ಪು ಜನ.

ಇವರು ನನಗೆ ಸಿಕ್ಕಿದ್ದು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ಕಿತ್ತಳೆ ಬಣ್ಣದ ಮುಖಪುಟ, ಬೈಂಡಿಂಗ್ ಬಿಟ್ಟುಕೊಂಡಿತ್ತು. ನಮ್ಮ ಕಸುಬಿನವರು ಮೊದಲು ನೋಡುವುದೇ ಬೈಂಡಿಂಗು! ಲಂಡನ್ನಿನ ಹೈನ್‌ಮನ್ ಕಂಪನಿ 1962ರಲ್ಲಿ ಶುರು ಮಾಡಿದ 'ಆಫ್ರಿಕನ್ ರೈಟರ್ಸ್ ಸೀರೀಸ್' ಮಾಲೆಯ ಪುಸ್ತಕಗಳವು. ನನ್ನದು ಪಿಯುಸಿ ಇಂಗ್ಲಿಷು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡೇ ಓದಿದೆ.

ಮೊದಲು ಓದಿದ್ದು ನೈಜೀರಿಯಾದ ಚಿನುವ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್'. ಬಿಳಿಯರು ಬರುವ ಮುಂಚಿನ ಒಂದು ಹಳ್ಳಿ, ಅಲ್ಲಿನ ದೇವರು, ಜಗಳ, ಗೆಡ್ಡೆ ಬೇಸಾಯ, ಮಾತಿಗೊಂದು ಗಾದೆ. ಅದು ನಮ್ಮದೇ ಹಳ್ಳಿ ಅನ್ನಿಸಿಬಿಟ್ಟಿತು. ಅಚಿಬೆ ತನ್ನ ಬಳಿ ಇದ್ದ ಒಂದೇ ಒಂದು ಕೈಬರಹದ ಪ್ರತಿಯನ್ನು ಟೈಪ್ ಮಾಡಲು ಲಂಡನ್ನಿಗೆ ಕಳಿಸಿದ್ದ. ದುಡ್ಡು ತೆಗೆದುಕೊಂಡವರು ಅದನ್ನು ತಿಂಗಳುಗಟ್ಟಲೆ ಮೂಲೆಗೆ ಎಸೆದಿದ್ದರು. ಅಚಿಬೆಯ ಸಹೋದ್ಯೋಗಿಯೊಬ್ಬಳು ಖುದ್ದಾಗಿ ಹೋಗಿ ಗದರಿಸಿದ ಮೇಲೆಯೇ ಕೆಲಸ ಮುಗಿದದ್ದು. 1958ರಲ್ಲಿ ಬರೀ 2,000 ಪ್ರತಿ ಅಚ್ಚಾದ ಪುಸ್ತಕ ಆಮೇಲೆ ಜಗತ್ತನ್ನೇ ಸುತ್ತಿತು.

ಆದರೆ ಅಚಿಬೆ ಬರೆದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷನ್ನು ನಮಗೆ ಬೇಕಾದಂತೆ ಬಗ್ಗಿಸಿಕೊಳ್ಳಬಹುದು ಎನ್ನುವುದು ಆತನ ವಾದ. ಇದನ್ನು ಒಪ್ಪದೆ ಎದ್ದು ನಿಂತವನು ಕೀನ್ಯಾ ದೇಶದ ಗೂಗಿ ವಾ ಥಿಯೋಂಗೊ. ಅವನೂ ಮೊದಮೊದಲು ಇಂಗ್ಲಿಷಿನಲ್ಲೇ ಬರೆದು ಹೆಸರು ಮಾಡಿದ್ದವನು. ಚಿಕ್ಕಂದಿನಲ್ಲಿ ಅವನ ಶಾಲೆಯಲ್ಲಿ ಮನೆಮಾತು ಗಿಕುಯು ಆಡಿದ ಮಕ್ಕಳಿಗೆ ಬೆತ್ತದೇಟು, ಇಲ್ಲವೇ ನಾನು ಕತ್ತೆ ಎಂದು ಬರೆದ ತಗಡು ಕೊರಳಿಗೆ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಶಾಲೆಗಳ ವಿರುದ್ಧ ಕರಪತ್ರ ಹೊಡೆಸಿದವರು ನೀವು. ನಿಮಗೆ ಇದನ್ನು ಬಿಡಿಸಿ ಹೇಳಬೇಕೆ?

1977ರಲ್ಲಿ ಗೂಗಿ ಇನ್ನೊಬ್ಬ ಲೇಖಕನ ಜೊತೆ ಸೇರಿ ಗಿಕುಯು ಭಾಷೆಯಲ್ಲೇ ನಾಟಕ ಬರೆದ. ಕಮಿರೀಥು ಎಂಬ ಹಳ್ಳಿಯ ರೈತರು, ಕೂಲಿಗಳೇ ಬಯಲು ರಂಗಮಂದಿರ ಕಟ್ಟಿ ಅದನ್ನು ಆಡಿದರು. ಇಂಗ್ಲಿಷಿನಲ್ಲಿ ಸರ್ಕಾರವನ್ನು ಬೈದಾಗ ಸುಮ್ಮನಿದ್ದ ದೊರೆಗಳಿಗೆ ಈಗ ಮೈಯೆಲ್ಲಾ ಉರಿಯಿತು. ಯಾಕೆ ಹೇಳಿ? ಬೈದದ್ದು ಹಳ್ಳಿಯವರಿಗೆ ಅರ್ಥವಾಯಿತಲ್ಲ! ನವೆಂಬರಿನಲ್ಲಿ ನಾಟಕದ ಪರವಾನಗಿ ರದ್ದು. ಡಿಸೆಂಬರ್ ಕೊನೆಯಲ್ಲಿ ಗೂಗಿ ಜೈಲಿಗೆ. ವಿಚಾರಣೆಯೇ ಇಲ್ಲದೆ ಸುಮಾರು ಒಂದು ವರ್ಷ. ಒಳಗೆ ಬರೆಯಲು ಹಾಳೆ ಎಲ್ಲಿಂದ ಬರಬೇಕು? ಪಾಯಿಖಾನೆಗೆ ಕೊಡುವ ಒರಟು ಕಾಗದದ ಮೇಲೆಯೇ ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದ. ತಪಾಸಣೆಯಲ್ಲಿ ಒಮ್ಮೆ ಅಷ್ಟನ್ನೂ ಕಿತ್ತುಕೊಂಡರು. ಪುಣ್ಯಕ್ಕೆ ಕೆಲವು ವಾರಗಳ ಮೇಲೆ ವಾಪಸ್ಸು ಬಂತು. ಇಂಗ್ಲಿಷಿನಲ್ಲಿ ಇದು 'ಡೆವಿಲ್ ಆನ್ ದಿ ಕ್ರಾಸ್'. ಅನುವಾದ ಗೂಗಿಯದೇ.

ಇದನ್ನು ಅಚ್ಚು ಹಾಕಿಸಿದವನ ಕತೆಯನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನೈರೋಬಿಯ ಪ್ರಕಾಶಕ ಹೆನ್ರಿ ಚಕಾವ. ಪುಸ್ತಕ ತರಬೇಡ ಎಂದು ಅವನಿಗೆ ಬೆದರಿಕೆಯ ಫೋನು ಬಂದವು. ಬಗ್ಗಲಿಲ್ಲ. ಗೂಂಡಾಗಳು ಮಚ್ಚು ಹಿಡಿದು ಬಂದರು. ಬೆರಳಿಗೆ ಏಟು ಬಿದ್ದು, ಕತ್ತರಿಸಿಹೋಗುವ ಹಾಗಾಯಿತು. ಲೇಖಕನ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿರುತ್ತದೆ, ನಮ್ಮಂಥವರದು ಕೊನೇ ಪುಟದ ಮೂಲೆಯಲ್ಲಿ. ಪೊಲೀಸರಾಗಲಿ ಗೂಂಡಾಗಳಾಗಲಿ ಮೊದಲು ಓದುವುದು ಆ ಮೂಲೆಯನ್ನೇ! ಚಕಾವ 2024ರಲ್ಲಿ ತೀರಿಕೊಂಡ, ಗೂಗಿ 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ.

ಪುಸ್ತಕ ಬಂದದ್ದು 1980ರಲ್ಲಿ. ಗಿಕುಯು ಕಾದಂಬರಿ ಕೊಳ್ಳುವವರಾರು, 5,000 ಪ್ರತಿ ಖರ್ಚಾಗಲು ಮೂರ್ನಾಲ್ಕು ವರ್ಷ ಬೇಕು ಎಂಬ ಅಂದಾಜು. ಒಂದೇ ತಿಂಗಳಲ್ಲಿ ಮುಗಿಯಿತು! ಆ ವರ್ಷವೇ ಮೂರು ಮುದ್ರಣ, 15,000 ಪ್ರತಿ. ಸಾವಿರ ಪ್ರತಿ ಹಾಕಿ ಗೋಡೌನಿನಲ್ಲಿ ಗೆದ್ದಲಿಗೆ ಹಾಕುವ ನಮ್ಮವರು ಇದನ್ನು ಕೇಳಬೇಕು. ಓದು ಬಾರದವರಿಗೆ ಮನೆಯಲ್ಲಿ, ಬಸ್ಸಿನಲ್ಲಿ, ಕಾರ್ಖಾನೆಯ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಬಾರುಗಳಲ್ಲಿ ಓದುವವನು ಒಳ್ಳೇ ಘಟ್ಟದಲ್ಲಿ ನಿಲ್ಲಿಸಿ ಖಾಲಿ ಗ್ಲಾಸು ತೋರಿಸುತ್ತಿದ್ದನಂತೆ. ತುಂಬಿಸಿದರೆ ಮುಂದಿನ ಕತೆ!

ಗೂಗಿಯ 'ಮಟಿಗಾರಿ'ಯನ್ನಂತೂ ಬಿಡಬೇಡಿ. ಗಿಕುಯು ಭಾಷೆಯಲ್ಲಿ 1986ರಲ್ಲಿ ಬಂತು. ಮಟಿಗಾರಿ ಎಂಬುವನು ಸತ್ಯ, ನ್ಯಾಯ ಎಲ್ಲಿದೆ ಎಂದು ಕೇಳುತ್ತಾ ಊರೂರು ಸುತ್ತುತ್ತಿದ್ದಾನೆಂದು ಜನ ಮಾತಾಡಿಕೊಂಡದ್ದು ಸರ್ಕಾರದ ಕಿವಿಗೆ ಬಿತ್ತು. ಅವನನ್ನು ಹಿಡಿಯಿರಿ ಎಂದು ಹುಕುಂ ಹೊರಟಿತು. ಅವನು ಕಾದಂಬರಿಯ ಪಾತ್ರ ಎಂದು ಗೊತ್ತಾದ ಮೇಲೆ ಅಂಗಡಿಗಳಿಗೆ ನುಗ್ಗಿ ಪುಸ್ತಕವನ್ನೇ ಜಪ್ತಿ ಮಾಡಿದರು.

ಇನ್ನೊಂದು ಮಾತು, ಕೋಪ ಬರುತ್ತದೆ, ಬರಲಿ. ಗೂಗಿ ಒಂದು ನುಡಿಯ ಹೆಗಲ ಮೇಲೆ ಇನ್ನೊಂದು ನುಡಿಯನ್ನು ಕೂರಿಸಿದವನಲ್ಲ. ಅವನನ್ನು ಓದಿದವರು ತುಳು, ಕೊಡವ, ಲಂಬಾಣಿ ಮನೆಯ ಮಗುವನ್ನೂ ನೋಡಬೇಕಾಗುತ್ತದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳು ಆಫ್ರಿಕಾದಿಂದ ಬಂದವರ ಮಕ್ಕಳು, ನಮ್ಮವರೇ. ಅವರನ್ನು ಊರವರು ಹೇಗೆ ಕೂಗುತ್ತಾರೆ ಎನ್ನುವುದೂ ಗೊತ್ತು. 2016ರ ಜನವರಿ ಕೊನೆಯಲ್ಲಿ ಇದೇ ಬೆಂಗಳೂರಿನ ಹೊರವಲಯದಲ್ಲಿ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಮೈಬಣ್ಣ ಒಂದೇ ಎಂಬುದೇ ಅವಳ ಅಪರಾಧ. ಅಂಥವರಿಗೆ ಗೂಗಿಯ ಹೆಸರು ಹೇಳಿಕೊಳ್ಳುವ ಹಕ್ಕಿಲ್ಲ.

ಇಂಗ್ಲಿಷ್ ಬಿಟ್ಟವನನ್ನು ಇಂಗ್ಲಿಷಿನಲ್ಲಿ ಓದಬೇಕೆ ಎಂದು ನಗುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಕನ್ನಡಕ್ಕೆ ಬಂದಿರುವ ಆಫ್ರಿಕಾದ ಪುಸ್ತಕಗಳನ್ನು ಲೈಬ್ರರಿಗಳಲ್ಲಿ ಕೇಳಿ, ಇಲ್ಲದಿದ್ದರೆ ತರಿಸುವಂತೆ ಅರ್ಜಿ ಹಾಕಿ. ಡಬ್ಬಿಂಗ್ ಬಗ್ಗೆ ಕಿತ್ತಾಡಿದಷ್ಟು ಅನುವಾದದ ಬಗ್ಗೆಯೂ ಕಿತ್ತಾಡಿ ನೋಡೋಣ.

ಇಂಗ್ಲಿಷ್ ಬರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೆಲಸ ಇದೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ ಬೀದಿ ಹುಡುಗರಿಗೆ ಬ್ರೆಡ್ಡು ಕೊಟ್ಟು ಅಕ್ಷರ ಕಲಿತವನು, 1847ರಲ್ಲಿ ಸ್ವಂತ ಪತ್ರಿಕೆಯನ್ನೇ ತೆಗೆದವನು. 1845ರಲ್ಲಿ ಅವನು ಬರೆದ ಆತ್ಮಕತೆ ಚಿಕ್ಕದು, ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ. ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ನಾಲ್ಕು ಜನ ಸೇರಿ ಹಂಚಿಕೊಂಡು ಅನುವಾದ ಮಾಡಿ, ತಿಳಿದವರ ಕೈಲಿ ತಿದ್ದಿಸಿ ತನ್ನಿ. ಕಾಗದದ ಖರ್ಚು ಸಂಘದ್ದು. ಡಿಟಿಪಿ, ಅಚ್ಚಿನ ಕೂಲಿ ನಾನು ಕೇಳುವುದಿಲ್ಲ. ಆದರೆ ನವೆಂಬರಿನ ಗಲಾಟೆಗೆ ಮುಂಚೆ ತನ್ನಿ, ಆಮೇಲೆ ಮೆಷಿನ್ ಖಾಲಿ ಇರುವುದಿಲ್ಲ.