ಮಾತಿನ ಮೇಷ್ಟ್ರಿಗೂ ಶಾಲೆಯಲ್ಲಿ ಜಾಗ ಕೊಡಿ

‘ರ’ಕಾರ ಹೊರಳದ ಮಗು ಪಾಠ ಓದಲು ಎದ್ದು ನಿಂತರೆ ತರಗತಿಯೇ ನಗುತ್ತದೆ. ನಾಲ್ಕು ಸಲ ಹಾಗಾದರೆ ಸಾಕು, ಉತ್ತರ ಗೊತ್ತಿದ್ದರೂ ಆ ಮಗು ಕೈ ಎತ್ತುವುದಿಲ್ಲ. ಆಮೇಲೆ ‘ದಡ್ಡ’ ಎಂಬ ಹಣೆಪಟ್ಟಿ. ಇಂಥವರಿಗೆ ನೆರವಾಗಬಲ್ಲವರು ಸ್ಪೀಚ್ ಥೆರಪಿಸ್ಟ್‌ಗಳು. ಆದರೆ ನಮ್ಮ ಎಷ್ಟು ಶಾಲೆಗಳಲ್ಲಿ ಅವರಿದ್ದಾರೆ?

ವಾಕ್ ಮತ್ತು ಶ್ರವಣ ತಜ್ಞರನ್ನು ರೂಪಿಸುವ ‘ಆಯಿಷ್’ ಸಂಸ್ಥೆ ಅರವತ್ತರ ದಶಕದಿಂದಲೂ ನಮ್ಮ ಮೈಸೂರಿನಲ್ಲೇ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದೆ. ಸಂಸ್ಥೆಯೂ ಇದೆ, ಕಾಯ್ದೆಯೂ ಇದೆ. ಕೊರತೆ ಇರುವುದು ಶಾಲೆಯೊಳಗೆ.

ನನ್ನ ದೊಡ್ಡಪ್ಪನ ಮಗಳು ಇದೇ ವೃತ್ತಿಯಲ್ಲಿದ್ದಾಳೆ. ವಾರಕ್ಕೊಮ್ಮೆ ಹೋಗುವ ಒಂದು ಶಾಲೆಯಲ್ಲಿ ಅವಳಿಗೆ ಸಿಕ್ಕಿರುವುದು ಮೆಟ್ಟಿಲ ಕೆಳಗಿನ ಮೂಲೆ. ಗದ್ದಲ ಹೆಚ್ಚಾದರೆ ಸಿಗ್ನಲ್ ಕಳೆದುಹೋಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಓದುವ ನಮಗೆ ಮೊದಲ ಪಾಠ. ‘ಲ’ ಮತ್ತು ‘ಳ’ ನಡುವಿನ ವ್ಯತ್ಯಾಸವನ್ನು ಆ ಗದ್ದಲದಲ್ಲಿ ಮಗು ಕೇಳಿಸಿಕೊಳ್ಳುವುದಾದರೂ ಹೇಗೆ?

ಇನ್ನೊಂದು ಸವಾಲು ನಮ್ಮ ಭಾಷಾ ವೈವಿಧ್ಯ. ಮನೆಯಲ್ಲಿ ತುಳು, ಲಂಬಾಣಿ ಅಥವಾ ಉರ್ದು ಆಡುವ ಮಗು ಶಾಲೆಯ ಕನ್ನಡದಲ್ಲಿ ತಡವರಿಸಿದರೆ ಅದು ತೊಂದರೆಯೋ, ಹೊಸ ಭಾಷೆಯ ಅಳುಕೋ? ನಿಜವಾದ ಭಾಷಾ ತೊಂದರೆ ಮನೆಮಾತಿನಲ್ಲೂ ಕಾಣಿಸುತ್ತದೆ. ಹಾಗಾಗಿ ಅದನ್ನೂ ಪರೀಕ್ಷಿಸಲೇಬೇಕು. ಆದರೆ ಎಲ್ಲ ಮನೆಮಾತುಗಳನ್ನೂ ಬಲ್ಲ ಥೆರಪಿಸ್ಟ್ ಎಲ್ಲಿ ಸಿಗುತ್ತಾರೆ?

ವಾರದ ಅರ್ಧ ಗಂಟೆ ಕಲಿಸಿದ್ದು ನಿತ್ಯ ಅಭ್ಯಾಸವಿಲ್ಲದೆ ನಿಲ್ಲುವುದಿಲ್ಲ. ಶಿಕ್ಷಕರಿಗೆ ಸಿಲೆಬಸ್ ಮುಗಿಸುವ ಧಾವಂತ. ಕೂಲಿ ಬಿಟ್ಟು ಬರಲು ಪೋಷಕರಿಗೆ ಆಗದು. ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂದು ಕಾಯುತ್ತಾ ಕುಳಿತರೆ ಕಲಿಯುವ ಅಮೂಲ್ಯ ವರ್ಷಗಳೇ ಕಳೆದುಹೋಗುತ್ತವೆ.

‘ಇದಕ್ಕೊಂದು ಆ್ಯಪ್ ಮಾಡಿದರಾಯಿತು’ ಎನ್ನುತ್ತಾರೆ ನನ್ನ ಗೆಳೆಯರು. ಆ್ಯಪ್ ಅಭ್ಯಾಸ ಮಾಡಿಸಬಹುದು. ಆದರೆ ನಾಚಿ ತಲೆ ತಗ್ಗಿಸಿದ ಮಗುವನ್ನು ಮಾತಿಗೆಳೆಯಲು ಎದುರಿಗೆ ಮನುಷ್ಯರೇ ಬೇಕು.

ಸರ್ಕಾರ ಕನಿಷ್ಠ ಕ್ಲಸ್ಟರ್‌ಗೊಬ್ಬ ಥೆರಪಿಸ್ಟ್ ಅನ್ನು ಕಾಯಂ ಆಗಿ ನೇಮಿಸಲಿ. ಶಾಲೆಗಳು ಅವರಿಗೊಂದು ಸದ್ದಿಲ್ಲದ ಕೋಣೆ ಮತ್ತು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಕೊಡಲಿ. ತೊದಲುವ ಮಗುವಿನ ಮಾತು ಮುಗಿಯುವವರೆಗೆ ಕಾಯುವುದನ್ನು ಶಿಕ್ಷಕರಿಗೆ ಬಿ.ಇಡಿ.ಯಲ್ಲೇ ಕಲಿಸಲಿ. ಸಹಪಾಠಿಗಳಾದ ನಾವು ನಗದೆ ಕೇಳಿಸಿಕೊಳ್ಳೋಣ. ಅದಕ್ಕಂತೂ ಯಾವ ಅನುದಾನವೂ ಬೇಕಿಲ್ಲ.